ವರ್ತಕನ ವಂಶಮೂಲ

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ಕನ್ನಡನಾಡಿನ ಹಿರಿಯರು ಹೇಳುತ್ತ ಬಂದಿರುವರು. ಈ ಗಾದೆಗೆ ಸಾಮಾನ್ಯವಾಗಿ ಹೇಳುವ ಅರ್ಥವೇನೆಂದರೆ, ಮಹಾನದಿಯ ಮೂಲವು ಒಂದು ಕೆಸರುಗುಂಡಿಯಾಗಿರಬಹುದು, ಮಹರ್ಷಿಯ ಹುಟ್ಟು ಲೋಕದ ಕಣ್ಣಿಗೆ ಹೀನವಾಗಿ ಕಾಣಬಹುದು, ಅದರಿಂದ ನದಿಯ ಪಾವನತ್ವಕ್ಕಾಗಲಿ ಋಷಿಯ ತಪಸ್ಸಿಗಾಗಲಿ ಕುಂದಿಲ್ಲ ಎಂಬುದು. ಆದರೆ ಗಾದೆಯು ಮೂಲವನ್ನು ಕಂಡರೆ ಕುಂದಿಲ್ಲವೆಂದು ಹೇಳಿ ಸುಮ್ಮನಾಗದೆ, ಹುಡುಕಲೇಬಾರದೆಂದು ತಡೆಯುತ್ತದೆ. ಹುಡುಕಿ ಕಂಡದ್ದನ್ನು ಕಾಣದಂತೆ ಮಾಡಿಕೊಳ್ಳುವುದು ಯಾರಿಂದಲೂ ಆಗದು ಎಂಬ ವಿವೇಕವು ಆ ತಡೆಯ ಹಿಂದೆ ಇದ್ದೀತು. ವರ್ತಕನ ಮೂಲದ ಮಾತನ್ನು ಗಾದೆ ಎತ್ತಿಲ್ಲ. ಅಂಗಡಿಯವನ ಮುತ್ತಜ್ಜನು ಯಾರೆಂದು ಕೇಳುವವರು ಯಾರು ಎಂದು ಗಾದೆಯನ್ನು ಕಟ್ಟಿದವನು ಎಣಿಸಿರಬೇಕು.

ಇಂಗ್ಲೆಂಡಿನಲ್ಲಿ ಈಗ ಹುಡುಕುವುದು ಬಹುಮಟ್ಟಿಗೆ ಅಂಗಡಿಯವನ ಮೂಲವನ್ನೇ. ವಿಕ್ಟೋರಿಯಾ ರಾಣಿಯ ಕಾಲದ ಬಡಗಿ, ಚಮ್ಮಾರ, ಕಿರಾಣಿಯವನು, ರೊಟ್ಟಿ ಸುಡುವವನು ಇವರ ಸಂತತಿಯು ಇಂದು ತನ್ನ ಹಿಂದಿನವರನ್ನು ಕಾಗದಪತ್ರಗಳಲ್ಲಿ ಅರಸುತ್ತಿದೆ. ಅದಕ್ಕೆ ಅಲ್ಲಿ ಸಾಧನಗಳು ಹೇರಳವಾಗಿವೆ. ಜ್ಞಾನಸ್ನಾನ, ಮದುವೆ, ಹೂಳಿಕೆಗಳನ್ನು ಪ್ರತಿ ಗ್ರಾಮದ ಚರ್ಚಿನಲ್ಲಿಯೂ ಬರೆದಿಡಬೇಕೆಂದು 1538ರಲ್ಲಿಯೇ ಆಜ್ಞೆಯಾಯಿತು. 1837ನೆಯ ಜುಲೈ 1ರಿಂದ ಜನನ ಮರಣಗಳ ದಾಖಲೆಯನ್ನು ಸರ್ಕಾರವೇ ವಹಿಸಿಕೊಂಡಿತು. ಸ್ಕಾಟ್ಲೆಂಡಿನಲ್ಲಿ ಈ ಏರ್ಪಾಡು 1855ರಲ್ಲಿ ಬಂದಿತು. 1841ರ ಜನಗಣತಿಯಿಂದ ಮೊದಲುಗೊಂಡು ಮನೆಮನೆಯವರ ಹೆಸರುಗಳು ಉಳಿದುಬಂದಿವೆ. ಆ ಗಣತಿಯವರು ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂದು ವಿಧಿಯಿದ್ದುದರಿಂದ, ಮೂವತ್ತನಾಲ್ಕರ ಗೃಹಸ್ಥನು ಕಾಗದದಲ್ಲಿ ಮೂವತ್ತರವನಾಗಿ ಉಳಿದನು. ಊರೂರಿನ ವ್ಯಾಪಾರಿಗಳ ಹೆಸರುಪಟ್ಟಿಗಳು ಅಚ್ಚಾಗುತ್ತಿದ್ದವು. ಉಯಿಲುಗಳು 1858ರಿಂದ ಸರ್ಕಾರದ ಕಚೇರಿಯಲ್ಲಿ ಸೇರಿದವು. ದಿವಾಳಿಯಾದವರ ಹೆಸರುಗಳನ್ನು ಲಂಡನ್ ಗೆಜೆಟ್ ಪತ್ರಿಕೆಯು ಲೋಕಕ್ಕೆಲ್ಲ ಸಾರುತ್ತಿತ್ತು.

ಈ ಕಾಗದಗಳ ಸ್ವಭಾವವನ್ನು ಸ್ವಲ್ಪ ವಿಚಾರಿಸಬೇಕು. ಅರಸನ ವಂಶವನ್ನು ಬರೆದವರು ಅವನ ಆಸ್ಥಾನದವರು. ಅಲ್ಲಿ ಸೋಲು ಸಹ ಬಿರುದಿನ ವೇಷವನ್ನು ಧರಿಸುತ್ತದೆ. ವ್ಯಾಪಾರಿಯ ವಂಶವನ್ನು ಬರೆದವರು ಅವನಿಂದ ಏನನ್ನಾದರೂ ಕೇಳಲು ಬಂದ ಗುಮಾಸ್ತರು. ಅವನು ಹುಟ್ಟಿದಾಗ, ಮದುವೆಯಾದಾಗ, ಸತ್ತಾಗ ಒಂದೊಂದು ಸಾಲು ದೊರೆಯುತ್ತದೆ. ಸಾಲವನ್ನು ತೀರಿಸಲಾರದೆ ಹೋದಾಗ ಮಾತ್ರ ಒಂದು ಇಡೀ ಪ್ರಕರಣವೇ ದೊರೆಯುತ್ತದೆ. ಮೂವತ್ತು ವರ್ಷ ನೆಟ್ಟಗೆ ತಕ್ಕಡಿ ಹಿಡಿದವನ ನೆಟ್ಟಗಿನ ವಿಷಯದಲ್ಲಿ ಯಾವ ರಿಜಿಸ್ಟರಿನಲ್ಲಿಯೂ ಒಂದಕ್ಷರವಿಲ್ಲ. ಅವನ ಹೆಂಡತಿಯ ಪಾಡು ಇದಕ್ಕಿಂತಲೂ ಕಡೆ. ಗಲ್ಲೆಯ ಬಳಿ ಕುಳಿತು ಲೆಕ್ಕ ನೋಡಿದವಳು ಆಕೆಯಾಗಿದ್ದರೂ ಉದ್ಯೋಗದ ಅಂಕಣವು ಆಕೆಯ ಹೆಸರಿನ ಎದುರಿಗೆ ಬಹಳ ಸಲ ಬರಿದಾಗಿಯೇ ಇರುತ್ತದೆ. ಆದುದರಿಂದ ಇಂತಹ ಕಾಗದಗಳನ್ನು ನಂಬಿ ಹಿಂದಿನವರನ್ನು ತೂಗಹೊರಟವನು, ಅವರ ಕೆಟ್ಟ ದಿನಗಳನ್ನು ಮಾತ್ರ ತಕ್ಕಡಿಯಲ್ಲಿಟ್ಟು ತೂಗಿದಂತಾಗುವುದು.

ಆದರೂ ಜನರು ಹುಡುಕುವರು. ಹುಡುಕುವುದು ಸರಿಯೆ? ಹಿಂದಿನವನು ಮರೆಮಾಡಿ ಹೋದುದನ್ನು ಮುಂದಿನವನು ತೆಗೆದು ತೋರಿಸುವ ಅಧಿಕಾರವುಂಟೆ? ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಗೆಹರಿಸುವುದಕ್ಕಿಂತ ಒಂದು ಮನೆತನದ ಕಥೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಮೇಲು. ಆ ಮನೆತನವು ಜಾನ್ ರಸ್ಕಿನ್ನನದು. ಆತನ ಹೆಸರು ಇಲ್ಲಿಯ ವಿದ್ಯಾವಂತರಿಗೆ ಹೊಸದಲ್ಲ. ದಕ್ಷಿಣ ಆಫ್ರಿಕದಲ್ಲಿ 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಗಾಂಧೀಜಿಯವರು ಓದಿ, ಆ ರಾತ್ರಿ ನಿದ್ರೆ ಬಾರದೆ ಕಳೆದು, ಜೀವನಕ್ರಮವನ್ನೇ ಬದಲಿಸಿಕೊಂಡ ಪುಸ್ತಕವು ಆತನದು. 1908ರಲ್ಲಿ ಅವರು ಅದರ ಸಾರವನ್ನು ಗುಜರಾತಿಯಲ್ಲಿ ಬರೆದು ಸರ್ವೋದಯವೆಂದು ಕರೆದರು. ಆ ಪುಸ್ತಕದ ಮೊದಲನೆಯ ಲೇಖನದಲ್ಲಿ ರಸ್ಕಿನ್ನನು ಒಂದು ವಿಚಿತ್ರವಾದ ಪ್ರಶ್ನೆಯನ್ನು ಎತ್ತುವನು. ಯೋಧನಿಗೂ ವೈದ್ಯನಿಗೂ ಧರ್ಮಗುರುವಿಗೂ ಲೋಕವು ಕೊಡುವ ಗೌರವವನ್ನು ವರ್ತಕನಿಗೆ ಏಕೆ ಕೊಡುವುದಿಲ್ಲ? ಅವರೆಲ್ಲರಿಗೂ ಪ್ರಾಣವನ್ನಾದರೂ ಬಿಟ್ಟು ನಡೆಸಬೇಕಾದ ಒಂದು ಕರ್ತವ್ಯವಿರುವುದು; ವರ್ತಕನಿಗೆ ಅಂತಹುದಿಲ್ಲವೆಂದು ಲೋಕವು ಭಾವಿಸಿದೆ; ಆದರೆ ಇದೆ, ಎಂಬುದು ಆತನ ಉತ್ತರ. ಈ ಉತ್ತರವು ಯಾವ ಮನೆಯಿಂದ ಬಂದಿತೆಂಬುದನ್ನು ನೋಡಿದರೆ, ಮೂಲವನ್ನು ಹುಡುಕುವುದರಲ್ಲಿರುವ ಲಾಭವೂ ಅಪಾಯವೂ ಒಟ್ಟಿಗೆ ತಿಳಿಯುತ್ತವೆ.

ರಸ್ಕಿನ್ನನ ತಂದೆ ಜಾನ್ ಜೇಮ್ಸನು ಲಂಡನ್ನಿನಲ್ಲಿ ಷೆರಿ ಎಂಬ ದ್ರಾಕ್ಷಾಮದ್ಯದ ವ್ಯಾಪಾರಿಯಾಗಿದ್ದನು. 1785ರಲ್ಲಿ ಎಡಿನ್‌ಬರೋ ನಗರದಲ್ಲಿ ಹುಟ್ಟಿ, ಗುಮಾಸ್ತನಾಗಿ ಲಂಡನ್ನಿಗೆ ಬಂದು, ಇಬ್ಬರು ಪಾಲುಗಾರರೊಡನೆ ಅಂಗಡಿಯನ್ನು ಕಟ್ಟಿದನು. ಡೊಮೆಕ್ ಎಂಬವನು ಸ್ಪೇನಿನ ದ್ರಾಕ್ಷಿತೋಟಗಳನ್ನು ತಂದನು, ಟೆಲ್ಫರ್ಡನು ಬಂಡವಾಳವನ್ನು ತಂದನು. ಬುದ್ಧಿಯನ್ನು ತಂದವನು ತನ್ನ ತಂದೆಯೆಂದು ಮಗನು ಮುಂದೆ ಬರೆದನು. ಬೇಸಿಗೆ ಬಂದಿತೆಂದರೆ ಜಾನ್ ಜೇಮ್ಸನು ಹೆಂಡತಿಯನ್ನೂ ಮಗುವನ್ನೂ ಗಾಡಿಯಲ್ಲಿ ಕೂರಿಸಿಕೊಂಡು, ದೇಶದ ಉದ್ದಗಲಕ್ಕೂ ಗಿರಾಕಿಗಳ ಮನೆಗಳಿಗೆ ತಾನೇ ಹೋಗಿ ವ್ಯಾಪಾರವನ್ನು ಕುದುರಿಸುತ್ತಿದ್ದನು. ಇಂಗ್ಲೆಂಡಿನ ಬೆಟ್ಟ, ಕೋಟೆ, ಚಿತ್ರಶಾಲೆಗಳನ್ನು ರಸ್ಕಿನ್ನನು ಬಾಲ್ಯದಲ್ಲಿ ಕಂಡುದು ಮದ್ಯದ ವ್ಯಾಪಾರದ ಗಾಡಿಯ ಕಿಟಕಿಯಿಂದ. 1864ರಲ್ಲಿ ಆ ವರ್ತಕನು ತೀರಿಕೊಂಡಾಗ ಮಗನಿಗೆ ಬಿಟ್ಟ ಹಣವೇ ಸುಮಾರು 1,20,000 ಪೌಂಡು. ಮನೆಗಳೂ ಚಿತ್ರಗಳೂ ಬೇರೆ. (ಮದ್ಯವನ್ನು ಜೀವಮಾನವೆಲ್ಲ ವಿರೋಧಿಸಿದ ಗಾಂಧೀಜಿಯವರ ಮನಸ್ಸನ್ನು ತಿರುಗಿಸಿದ ಪುಸ್ತಕವು ಷೆರಿಯ ದುಡ್ಡಿನಲ್ಲಿ ಬೆಳೆದವನ ಕೈಯಿಂದ ಬಂದಿತು! ಗಾದೆಯನ್ನು ಕಟ್ಟಿದವನಿಗೆ ಇದು ತಿಳಿದಿದ್ದರೆ ನಕ್ಕುಬಿಡುತ್ತಿದ್ದನು.)

ಇಲ್ಲಿಂದ ಒಂದು ಮೆಟ್ಟಲು ಹಿಂದಕ್ಕೆ ಹೋದರೆ ಕಥೆಯ ಬಣ್ಣ ಬದಲಾಗುವುದು. ಜಾನ್ ಜೇಮ್ಸನ ತಂದೆ ಜಾನ್ ಥಾಮಸನು ಲಂಡನ್ನಿನಿಂದ ಎಡಿನ್‌ಬರೋಗೆ ಹೋಗಿ ನೆಲೆಸಿದ ಕಿರಾಣಿ ವ್ಯಾಪಾರಿ. ಧರ್ಮಗುರುವೊಬ್ಬನ ಮಗಳಾದ ಕ್ಯಾಥರೀನಳನ್ನು ಮದುವೆಯಾಗಿದ್ದನು. ಆತನ ವ್ಯಾಪಾರವು ಕೈಗೂಡಲಿಲ್ಲ, ಸಾಲವು ಬೆಳೆಯಿತು, ಮನಸ್ಸು ಕೆಟ್ಟಿತು. ಕಡೆಗೆ ಸಂಸಾರವು ಪರ್ತ್ ಊರಿನ ಹತ್ತಿರ ಬೋವರ್ಸ್‌ವೆಲ್ ಎಂಬ ಮನೆಗೆ ಬಂದು ಸೇರಿತು. 1817ರಲ್ಲಿ ಕ್ಯಾಥರೀನಳು ತೀರಿಕೊಂಡಳು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಜಾನ್ ಥಾಮಸನು ಆತ್ಮಹತ್ಯೆ ಮಾಡಿಕೊಂಡನು. ಆ ಮನೆಯಲ್ಲಿದ್ದು ಕ್ಯಾಥರೀನಳ ಆರೈಕೆಯನ್ನು ನೋಡಿಕೊಂಡವಳು ಮಾರ್ಗರೆಟ್ಟಳು. ಜಾನ್ ಥಾಮಸನ ಸೋದರಿಯ ಮಗಳು, ಅಂದರೆ ಜಾನ್ ಜೇಮ್ಸನ ಸೋದರತ್ತೆಯ ಮಗಳು. ಆತನಿಗೆ ಬಹುವರ್ಷಗಳಿಂದ ನಿಶ್ಚಯವಾಗಿದ್ದ ಕನ್ಯೆ. ಕನ್ನಡದ ಮನೆತನಗಳಲ್ಲಿ ಇದು ಕೇಳುವ ಮುಂಚೆಯೇ ಒಪ್ಪಿಗೆಯಾಗುವ ಸಂಬಂಧ. ಅಲ್ಲಿ ಮಾತ್ರ ತಂದೆಯ ಅಸಮ್ಮತಿಯೂ ಸಾಲದ ಹೊರೆಯೂ ಸೇರಿ ಮದುವೆಯನ್ನು ವರ್ಷ ವರ್ಷ ಮುಂದಕ್ಕೆ ತಳ್ಳಿದ್ದವು. ಎರಡು ಸಾವುಗಳಾದ ಮೇಲೆ, 1818ರ ಫೆಬ್ರವರಿಯಲ್ಲಿ, ಸದ್ದಿಲ್ಲದೆ ಮದುವೆಯಾಯಿತು.

ಮಗನು ತಂದೆಯ ಸಾಲವನ್ನೆಲ್ಲ ತನ್ನ ಮೇಲೆ ಹಾಕಿಕೊಂಡನು. ತನಗಾಗಿ ಒಂದು ಕಾಸನ್ನೂ ಕೂಡಿಡುವ ಮೊದಲು ಅದನ್ನು ಪೂರ್ತಿಯಾಗಿ ತೀರಿಸಿದನು. ಸ್ನೇಹಿತರು ಹುಚ್ಚನೆಂದರು. ಇಂಗ್ಲೆಂಡಿನ ನ್ಯಾಯವು ಇದನ್ನು ಕೇಳುತ್ತಿರಲಿಲ್ಲ. ಸತ್ತವನ ಆಸ್ತಿ ಎಷ್ಟೋ ಅಷ್ಟಕ್ಕೆ ಮಾತ್ರ ಅಲ್ಲಿ ಸಾಲಗಾರರ ಹಕ್ಕು. ಭಾರತದ ಧರ್ಮಶಾಸ್ತ್ರವು ಈ ವಿಷಯದಲ್ಲಿ ಮಗನ ಮೇಲೆ ಹೆಚ್ಚಿನ ಭಾರವನ್ನು ಹೊರಿಸಿತ್ತು. ತಂದೆಯ ಸಾಲವನ್ನು ತೀರಿಸದೆ ಬಿಟ್ಟರೆ ತಂದೆಗೆ ಸದ್ಗತಿಯಿಲ್ಲವೆಂಬ ಭಾವನೆಯಿಂದ ಹುಟ್ಟಿದ ಆ ಕಟ್ಟುಪಾಡನ್ನು ಬ್ರಿಟಿಷರ ನ್ಯಾಯಾಲಯಗಳೂ ಒಪ್ಪಿದ್ದವು. 2005ರ ಶಾಸನದಿಂದ, ಆ ಬಳಿಕ ಮಾಡಿದ ಸಾಲಗಳ ಮಟ್ಟಿಗೆ, ಅದು ನಿಂತುಹೋಯಿತು. ಆದರೆ ಶಾಸ್ತ್ರಕಾರರೂ ಎಲ್ಲ ಸಾಲವನ್ನೂ ಮಗನಿಗೆ ಕಟ್ಟಲಿಲ್ಲ. ಜೂಜಿನ ಸಾಲ, ಕುಡಿತದ ಸಾಲ, ದಂಡದ ಹಣ ಇವನ್ನು ಮಗನು ಕೊಡಬೇಕಾಗಿಲ್ಲ. ಗೌತಮ ಧರ್ಮಸೂತ್ರವು ಈ ಪಟ್ಟಿಯಲ್ಲಿ ಇನ್ನೊಂದನ್ನು ಸೇರಿಸಿದೆ: ವ್ಯಾಪಾರದ ಸಾಲ. ವ್ಯಾಪಾರವೆಂದರೆ ಲಾಭನಷ್ಟಗಳ ಆಟ, ಅದರಲ್ಲಿ ಕೊಟ್ಟವನೂ ಕೊಂಡವನೂ ಅಪಾಯವನ್ನು ತಿಳಿದೇ ಇಳಿದವರು ಎಂಬುದು ಸೂತ್ರಕಾರನ ಆಶಯವಾಗಿರಬಹುದು. ಅಂತೂ ಜಾನ್ ಜೇಮ್ಸನು ತೀರಿಸಿದ ಸಾಲವನ್ನು ಲಂಡನ್ನಿನ ನ್ಯಾಯಾಧೀಶನೂ ಕೇಳಲಿಲ್ಲ, ಗೌತಮನೂ ಕೇಳುತ್ತಿರಲಿಲ್ಲ. ಎಡಿನ್‌ಬರೋ ನಗರದ ಕೆಲವು ಸಾಲಗಾರರಿಗೆ ಮುಳುಗಿತೆಂದು ಬಿಟ್ಟಿದ್ದ ಹಣವು ಒಂದು ದಿನ ಕೈಗೆ ಬಂದಿತು. ಅವರ ಮನೆಗಳಲ್ಲಿ ಆ ದಿನ ಏನು ಮಾತಾಡಿಕೊಂಡರೋ, ಅದು ಯಾವ ಕಾಗದದಲ್ಲಿಯೂ ಸಿಕ್ಕುವ ವಿಷಯವಲ್ಲ.

ಈಗ ಮಗನ ಮಗನ ಸರದಿ. ಜಾನ್ ರಸ್ಕಿನ್ನನು ತಂದೆಯ ಗೋರಿಯ ಕಲ್ಲಿನ ಮೇಲೆ, ಈತನು ಸಂಪೂರ್ಣವಾಗಿ ಪ್ರಾಮಾಣಿಕನಾಗಿದ್ದ ವರ್ತಕನೆಂಬ ಅರ್ಥದ ಮಾತನ್ನು ಕೆತ್ತಿಸಿದನು. ಅಜ್ಜನ ಸಾಲದ ಸಂಗತಿಯನ್ನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದನು. ತಾಯಿಯ ತಾಯಿ ಕ್ರಾಯ್ಡನ್ ಊರಿನಲ್ಲಿ ಪಾನಗೃಹವನ್ನು ನಡೆಸುತ್ತಿದ್ದವಳೆಂದೂ, ತಾಯಿಯ ತಂಗಿಯ ಗಂಡನು ರೊಟ್ಟಿ ಸುಡುವವನೆಂದೂ ಬರೆದನು. ವಿಕ್ಟೋರಿಯಾ ಕಾಲದ ದೊಡ್ಡ ಮನುಷ್ಯನೊಬ್ಬನು, ವಿಶ್ವವಿದ್ಯಾನಿಲಯದ ಆಚಾರ್ಯನು, ಇಷ್ಟನ್ನು ಹೇಳಿಕೊಳ್ಳುವುದು ಸಣ್ಣ ಮಾತಲ್ಲ. ಆತನ ತಂದೆತಾಯಿಗಳಿಗೇ ಆ ಧೈರ್ಯವು ಪೂರ್ತಿಯಾಗಿರಲಿಲ್ಲ. ತಾಯಿಯು ತವರುಮನೆಯ ಹೆಸರಿನ ಕಾಗುಣಿತವನ್ನು ಕೊಂಚ ತಿದ್ದಿ ಕಿವಿಗೆ ಇಂಪಾಗುವಂತೆ ಮಾಡಿಕೊಂಡಿದ್ದಳು. ತಂದೆಯು ಸ್ಥಿತಿವಂತನಾದ ಮೇಲೆ ಕುಲಲಾಂಛನವನ್ನು ಕೊಡುವ ಕಚೇರಿಗೆ ಹೋಗಿ, ಕಾಡುಹಂದಿಯ ತಲೆಯುಳ್ಳ ಒಂದು ಲಾಂಛನವನ್ನು ಪಡೆದುಕೊಂಡನು. ಸಾಲ ತೀರಿಸಿದ ಕೈಗೆ ಈ ಹಂದಿಯ ತಲೆಯು ಏತಕ್ಕೆ ಬೇಕಾಗಿತ್ತೋ! ಮೂಲವನ್ನು ಹುಡುಕುವವರಲ್ಲಿ ಹೆಚ್ಚಿನವರು ಹುಡುಕುವುದು ಇಂತಹ ಲಾಂಛನವನ್ನೇ. ಥಾಮಸ್ ಹಾರ್ಡಿಯು 1891ರಲ್ಲಿ ಬರೆದ ಟೆಸ್ ಎಂಬ ಕಾದಂಬರಿಯಲ್ಲಿ, ನೀನು ಪ್ರಾಚೀನ ಸರದಾರರ ಕುಡಿಯೆಂದು ಪಾದ್ರಿಯೊಬ್ಬನು ದಾರಿಯಲ್ಲಿ ಹೇಳಿದ ಒಂದು ಮಾತಿನಿಂದ ಬಡ ವ್ಯಾಪಾರಿಯ ಸಂಸಾರವು ಹಾಳಾಗುವುದನ್ನು ಓದಿದವರಿಗೆ, ಹೀನಮೂಲಕ್ಕಿಂತ ಘನಮೂಲವು ಹೆಚ್ಚು ಅಪಾಯಕರವೆಂದು ತೋರುವುದುಂಟು.

ಇಷ್ಟೆಲ್ಲ ಬರೆದ ರಸ್ಕಿನ್ನನ ಆತ್ಮಕಥೆಯಲ್ಲಿ ಅಜ್ಜನು ಹೇಗೆ ಸತ್ತನೆಂಬ ಸಂಗತಿಯಿಲ್ಲ. ಪ್ರಾಮಾಣಿಕತೆಯನ್ನು ಕಲ್ಲಿನಲ್ಲಿ ಕೆತ್ತಿದ ಮನೆತನವು ಈ ಒಂದನ್ನು ಮೌನದಲ್ಲಿ ಇಟ್ಟಿತು. ಆ ಮೌನವು ಅಸತ್ಯವೆ?

ಅಲ್ಲವೆಂದು ಹೇಳಲು ಬಲವಾದ ಕಾರಣವಿದೆ. ಸಾಲವು ಪರರಿಗೆ ಸೇರಿದ ವಿಷಯ; ಅದನ್ನು ಮುಚ್ಚಿದರೆ ಒಬ್ಬನ ಗಂಟು ಹೋಗುವುದು. ಸಾವು ಸತ್ತವನಿಗೆ ಸೇರಿದ ವಿಷಯ. ಆತನು ಆ ಗಳಿಗೆಯಲ್ಲಿ ಏನನ್ನು ಅನುಭವಿಸಿದನೆಂಬುದನ್ನು ಅರಿಯದ ಲೋಕಕ್ಕೆ ಆ ಸುದ್ದಿಯ ಮೇಲೆ ಯಾವ ಹಕ್ಕಿದೆ? ಅದೂ ಅಲ್ಲದೆ ಆ ಕಾಲದ ಲೋಕವು ಕ್ರೂರವಾಗಿತ್ತು. ನೆರೆಯ ಇಂಗ್ಲೆಂಡಿನಲ್ಲಿ, ತನ್ನನ್ನು ತಾನು ಕೊಂದುಕೊಂಡವನೆಂದು ತೀರ್ಮಾನವಾದರೆ ಹೆಣವನ್ನು ಹೆದ್ದಾರಿಯಲ್ಲಿ ಹೂಳುವ ಪದ್ಧತಿಯನ್ನು 1823ರಲ್ಲಿ ನಿಲ್ಲಿಸಬೇಕಾಯಿತು. ಆತ್ಮಹತ್ಯೆಯು ಅಲ್ಲಿ ಅಪರಾಧವಾಗಿ ಉಳಿದುದು 1961ರವರೆಗೆ. ಇಂತಹ ಲೋಕದಿಂದ ತಂದೆಯ ಹೆಸರನ್ನು ಕಾಪಾಡಿದ ಮಗನನ್ನು ಸುಳ್ಳುಗಾರನೆನ್ನುವವನು ಸತ್ಯವನ್ನು ಪ್ರೀತಿಸುವವನಲ್ಲ, ದಾಖಲೆಯನ್ನು ಪ್ರೀತಿಸುವವನು.

ಆದರೆ ಪ್ರಶ್ನೆಯು ಇಲ್ಲಿಗೆ ತೀರುವುದಿಲ್ಲ. ಮೌನಕ್ಕೂ ಸಂತತಿಯಿದೆ. ಬೋವರ್ಸ್‌ವೆಲ್ ಮನೆಯು ಮುಂದೆ ಗ್ರೇ ಎಂಬ ಮನೆತನದವರ ಕೈಸೇರಿತು. ಆ ಮನೆಯ ಮಗಳು ಎಫಿಯನ್ನು ರಸ್ಕಿನ್ನನು 1848ರ ಏಪ್ರಿಲ್ 10ರಂದು ಮದುವೆಯಾದನು. ಮದುವೆಯು ನಡೆದುದು ಅದೇ ಮನೆಯಲ್ಲಿ. ಒಬ್ಬನೇ ಮಗನ ಮದುವೆಗೆ ತಂದೆತಾಯಿಗಳು ಹೋಗಲಿಲ್ಲ. ಮೂವತ್ತು ವರ್ಷಗಳ ಹಿಂದೆ ಆ ಮನೆಯಲ್ಲಿ ಸಾವಿನ ಮೇಲೆ ಸಾವನ್ನು ಕಂಡ ಮಾರ್ಗರೆಟ್ಟಳಿಗೆ ಆ ಹೊಸ್ತಿಲನ್ನು ಮತ್ತೆ ತುಳಿಯುವ ಶಕ್ತಿಯಿರಲಿಲ್ಲ. ಮದುವೆಯ ಮನೆಗೆ ಬಾರದ ಅತ್ತೆಮಾವಂದಿರ ವಿಷಯದಲ್ಲಿ ಸೊಸೆಯಾಗುವವಳ ಮನಸ್ಸಿನಲ್ಲಿ ಏನೇನು ಸಂಶಯಗಳು ಏಳಬಹುದೆಂಬುದನ್ನು ಯಾವ ಗೃಹಿಣಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ದಾಂಪತ್ಯವು ಬೇರೆ ಕಾರಣಗಳಿಂದ 1854ರಲ್ಲಿ ಮುರಿಯಿತು. ಆತ್ಮಕಥೆಯಲ್ಲಿ ಅದರ ಸೊಲ್ಲೂ ಇಲ್ಲ. ಮೌನದ ಅಭ್ಯಾಸವು ಮೊಮ್ಮಗನಿಗೂ ಇಳಿದುಬಂದಿತ್ತು. ಹೀಗೆ ನೋಡಿದರೆ ಸಾವು ಸತ್ತವನಿಗೆ ಮಾತ್ರ ಸೇರಿದುದೆಂಬ ಮಾತು ಪೂರ್ತಿ ನಿಲ್ಲುವುದಿಲ್ಲ. ಮನೆಯೊಳಗಿನವರು ಅದನ್ನು ತಿಳಿಯದೆ ಹೋದರೂ ಅದರ ನೆರಳಿನಲ್ಲಿ ನಡೆಯಬೇಕಾಗುವುದು. ಹೊರಗಿನವರಿಗೆ ಹಕ್ಕಿಲ್ಲದ ಸುದ್ದಿಯ ಮೇಲೆ ಒಳಗಿನವರಿಗೆ ಹಕ್ಕಿರಬಹುದು.

ರಸ್ಕಿನ್ನನು ಸಂತಾನವಿಲ್ಲದೆ 1900ರಲ್ಲಿ ತೀರಿಕೊಂಡನು. ಕೇಳಬೇಕಾದ ಒಳಗಿನವರಾರೂ ಉಳಿಯಲಿಲ್ಲ. ಅನಂತರ ಬಂದ ವಿದ್ವಾಂಸರು ಹುಡುಕಿದರು. ಹೆಲೆನ್ ವಿಲ್ಯೂನ್ ಎಂಬ ಅಮೆರಿಕದ ವಿದುಷಿಯು ಈ ಮನೆತನದ ಸ್ಕಾಟ್ಲೆಂಡಿನ ಮೂಲವನ್ನು ಕುರಿತು 1956ರಲ್ಲಿ ಒಂದು ಪುಸ್ತಕವನ್ನೇ ಬರೆದಳು. ಮನೆಯವರ ಪತ್ರಗಳು 1973ರಲ್ಲಿ ಎರಡು ಸಂಪುಟಗಳಾಗಿ ಬಂದವು. ಈ ಶೋಧನೆಯು ಕೇವಲ ಕುತೂಹಲವೆಂದು ತಳ್ಳಿಹಾಕಲಾಗದು. ಸಾಲದ ಕಥೆಯಷ್ಟೇ ತಿಳಿದಿದ್ದರೆ ಜಾನ್ ಜೇಮ್ಸನು ಲೆಕ್ಕದಲ್ಲಿ ಖಂಡಿತವಾದಿಯಾದ ಒಬ್ಬ ವ್ಯಾಪಾರಿಯಾಗಿ ಮಾತ್ರ ಕಾಣುತ್ತಿದ್ದನು. ತಂದೆಯ ಸಾವನ್ನು ತಿಳಿದ ಮೇಲೆ ಅದೇ ಸಾಲದ ಪಾವತಿಯು ಬೇರೆಯ ಬೆಳಕಿನಲ್ಲಿ ಕಾಣುತ್ತದೆ. ಶ್ರಾದ್ಧವಿಲ್ಲದ ಮತದಲ್ಲಿ ಹುಟ್ಟಿದ ಮಗನೊಬ್ಬನು, ತರ್ಪಣವೆಂಬ ಶಬ್ದವನ್ನೇ ಅರಿಯದೆ, ತನಗೆ ತಿಳಿದ ಏಕೈಕ ಭಾಷೆಯಾದ ಹಣದ ಭಾಷೆಯಲ್ಲಿ ತಂದೆಗೆ ತರ್ಪಣವನ್ನು ಬಿಟ್ಟಂತೆ ಅದು ತೋರುವುದು. ಮೊಮ್ಮಗನು ವರ್ತಕನ ಧರ್ಮವನ್ನು ಕುರಿತು ಬರೆದ ಮಾತಿಗೂ, ಸಂದರ್ಭ ಬಂದರೆ ವರ್ತಕನು ಏನನ್ನು ಬಿಡಲು ಸಿದ್ಧನಾಗಿರಬೇಕೆಂಬ ಪ್ರಶ್ನೆಗೂ ಒಂದು ಮನೆಯ ವಾಸನೆಯು ತಗಲುತ್ತದೆ.

ಲಾಭವು ಇದು. ಅಪಾಯವೂ ಹತ್ತಿರದಲ್ಲಿಯೇ ಇದೆ. 1878ರಲ್ಲಿ ರಸ್ಕಿನ್ನನಿಗೆ ಚಿತ್ತಭ್ರಮೆಯು ಮೊದಲ ಸಲ ಬಂದಿತು. ಮತ್ತೆ ಮತ್ತೆ ಬಂದು, ಕಡೆಯ ಹತ್ತು ವರ್ಷಗಳನ್ನು ಬಹುಮಟ್ಟಿಗೆ ಮೂಕನನ್ನಾಗಿ ಮಾಡಿತು. ಅಜ್ಜನ ಸಾವು ತಿಳಿದವರಿಗೆ ಎರಡನ್ನೂ ಒಂದು ಗೆರೆಯಿಂದ ಸೇರಿಸುವುದು ಬಹಳ ಸುಲಭ: ಅಜ್ಜನ ಹುಚ್ಚು ಮೊಮ್ಮಗನಿಗೆ ಬಂದಿತು, ಮುಗಿಯಿತು. ಆದರೆ ಆ ಗೆರೆಯು ನಡುವೆ ನಿಂತ ಮನುಷ್ಯನನ್ನು ದಾಟಿ ಹೋಗಬೇಕು. ಅದೇ ತಂದೆಗೆ ಹುಟ್ಟಿ, ಅದೇ ದುಃಖವನ್ನು ಕಣ್ಣಾರೆ ಕಂಡು, ಸುಮಾರು ಐವತ್ತು ವರ್ಷ ಲೆಕ್ಕದ ಪುಸ್ತಕದಲ್ಲಿ ತಪ್ಪಿಲ್ಲದೆ ವ್ಯಾಪಾರ ಮಾಡಿದ ಜಾನ್ ಜೇಮ್ಸನಿಗೆ ಅಲ್ಲಿ ಸ್ಥಳವೆಲ್ಲಿ? ರಕ್ತದಲ್ಲಿ ಏನೇನು ಇಳಿದುಬರುವುದೆಂಬುದನ್ನು ವೈದ್ಯಶಾಸ್ತ್ರವು ಹೇಳಲಿ. ಈಗ ಎಂಜಲಿನ ಒಂದು ಹನಿಯನ್ನು ಪರೀಕ್ಷೆಗೆ ಕಳುಹಿಸಿ, ಕಾಣದ ದಾಯಾದಿಗಳನ್ನು ಮನೆಯಲ್ಲಿ ಕುಳಿತೇ ಕಂಡುಕೊಳ್ಳುವ ಕಾಲವು ಬಂದಿದೆ. ಅದರಿಂದ ಬಹಳ ಮನೆಗಳ ಮುಚ್ಚಿದ ಬಾಗಿಲುಗಳು ಕೇಳದೆಯೇ ತೆರೆದುಕೊಂಡಿವೆ. ಆದರೆ ಇಳಿದುಬಂದುದನ್ನು ಒಬ್ಬನು ಏನು ಮಾಡಿದನೆಂಬುದನ್ನು ಆ ಹನಿಯು ಹೇಳುವುದಿಲ್ಲ.

ಛಾಂದೋಗ್ಯದ ಸತ್ಯಕಾಮನು ಗುರುವಿನ ಬಳಿಗೆ ಹೋಗಿ, ತನ್ನ ಗೋತ್ರವು ತನಗೆ ತಿಳಿಯದು, ತಾಯಿಗೂ ತಿಳಿಯದು ಎಂದು ತಾಯಿ ಹೇಳಿದಂತೆಯೇ ಒಪ್ಪಿಸಿದನು. ಇಂಗ್ಲೆಂಡಿನ ಜನನದ ರಿಜಿಸ್ಟರುಗಳಲ್ಲಿ ತಂದೆಯ ಹೆಸರಿನ ಅಂಕಣವು ಬರಿದಾಗಿರುವ ಸಾಲುಗಳನ್ನು ಕಂಡವರಿಗೆ ಈ ಕಥೆಯ ನೆನಪು ಬಾರದಿರದು. ಎಷ್ಟೋ ಮಂದಿ ಮುಂದೆ ಮದುವೆಯ ರಿಜಿಸ್ಟರಿಗೆ ಸಹಿ ಮಾಡುವಾಗ, ಇಲ್ಲದ ತಂದೆಗೆ ಒಂದು ಹೆಸರನ್ನೂ ಒಂದು ಗೌರವದ ಉದ್ಯೋಗವನ್ನೂ ಕಲ್ಪಿಸಿ ಬರೆಸಿದರು. ಸತ್ಯಕಾಮನಿಗೆ ಗೌತಮನಂತಹ ಗುರುವು ದೊರಕಿದನು. ಇವರ ಎದುರಿಗೆ ಇದ್ದವನು ಲೇಖನಿ ಹಿಡಿದ ಪಾದ್ರಿ, ಪಕ್ಕದಲ್ಲಿದ್ದವರು ಬೀಗರು. ಆ ಸುಳ್ಳನ್ನು ಇಂದು ಕಂಡುಹಿಡಿದ ಮರಿಮಗನು ಅದನ್ನು ಹೇಗೆ ಓದುವನೆಂಬುದರ ಮೇಲೆ ಅವನ ಶೋಧನೆಯ ಯೋಗ್ಯತೆಯು ನಿಂತಿದೆ. ಸುಳ್ಳು ಹೇಳಿದವನೆಂದು ಓದಬಹುದು. ಆ ದಿನ ಆ ಅಂಕಣವನ್ನು ಬರಿದಾಗಿ ಬಿಡಲಾರದೆ ನಿಂತವನೆಂದೂ ಓದಬಹುದು.

ಕ್ರಾಯ್ಡನ್ನಿಗೆ ಹತ್ತಿರವಾದ ಷರ್ಲಿಯ ಚರ್ಚಿನ ಅಂಗಳದಲ್ಲಿ ಜಾನ್ ಜೇಮ್ಸನ ಗೋರಿಯಿದೆ. 1871ರಲ್ಲಿ ಮಾರ್ಗರೆಟ್ಟಳನ್ನೂ ಅಲ್ಲಿಯೇ ಇಟ್ಟರು. ಪಾನಗೃಹದಲ್ಲಿ ಹುಟ್ಟಿದವಳು ಹುಟ್ಟಿದ ಊರಿನ ಮಗ್ಗುಲಿಗೆ ಮರಳಿ ಬಂದಳು. ಪ್ರಾಮಾಣಿಕ ವರ್ತಕನೆಂಬ ಮಾತನ್ನು ಅಲ್ಲಿ ಓದಬಹುದು. ಆ ಮಾತಿಗೆ ಕಾರಣನಾದವನು ಅಲ್ಲಿಂದ ನಾಲ್ಕು ನೂರು ಮೈಲಿಗಳಾಚೆ, ಸ್ಕಾಟ್ಲೆಂಡಿನಲ್ಲಿ ಕಣ್ಮುಚ್ಚಿದ ಕಿರಾಣಿಯವನು. ಅವನ ವಿಷಯವಾಗಿ ಆ ಕಲ್ಲು ಏನನ್ನೂ ಹೇಳುವುದಿಲ್ಲ.